ಎರವಲು ಮೂಗು

ಬೆಳಗಿನಿಂದ ನಮ್ಮವರು ಅದೇ ಆರು ಗ್ಲಾಸುಗಳನ್ನು ನಾಲ್ಕು ಸಲ ತೊಳೆದಿದ್ದರು. ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಮೇಜಿನ ಮೇಲೆ ಬೋರಲು ಹಾಕುವುದು, ಮತ್ತೆ ಎತ್ತಿಕೊಂಡು ಸಿಂಕಿನ ಕಡೆ ನಡೆಯುವುದು. ನಾನು ಕಿಟಕಿಯ ಪಕ್ಕ ಮಿಷನ್ನಿನ ಮುಂದೆ ಕೂತು ಒಂದು ಕೋಟಿಗೆ ಲೈನಿಂಗು ಕೂಡಿಸುತ್ತಿದ್ದೆ. ಅವರು ನನ್ನ ಬೆನ್ನ ಹಿಂದೆ ಹಾದುಹೋದಾಗಲೆಲ್ಲ ನನ್ನ ಹೊಲಿಗೆ ಒಂದು ನೂಲು ಆಚೆ ಓಡುತ್ತಿತ್ತು.

"ರೀ, ಆ ಗ್ಲಾಸು ಸವೆದು ಹೋಗುತ್ತೆ. ಒಂದು ಕಡೆ ಕೂತ್ಕೊಳ್ಳಿ."

"ಕೂತ್ರೆ ಟೈಮೇ ಹೋಗಲ್ಲ ಕಣೇ."

"ಹೋಗದಿದ್ರೆ ಒಳ್ಳೇದೇ ಅಲ್ವಾ? ಮೇಡಂ ಬರೋದು ನಾಲ್ಕೂವರೆಗೆ. ಈಗಿನ್ನೂ ಹನ್ನೊಂದು."

ಅವರು ಗೋಡೆಯ ಗಡಿಯಾರ ನೋಡಿದರು, ಕೈಗಡಿಯಾರ ನೋಡಿದರು, ಮೊಬೈಲು ತೆಗೆದು ಅದನ್ನೂ ನೋಡಿದರು. ಮೂರೂ ಒಂದೇ ಹೇಳಿದ್ದಕ್ಕೆ ಬೇಸರವಾದಂತೆ ಕಂಡಿತು.

ನಮ್ಮವರು ಹತ್ತೊಂಬತ್ತು ವರ್ಷ ಒಂದು ದೊಡ್ಡ ಹೋಟೆಲಿನ ಬಾರಿನಲ್ಲಿ ಕೌಂಟರಿನ ಹಿಂದೆ ನಿಂತವರು. ಬಾಟಲಿ ಮೇಲೆಸೆದು ಆಟ ತೋರಿಸುವ ಪೈಕಿಯಲ್ಲ. ಬಂದವರ ಮುಖ ನೋಡಿ, ಅವರು ಬಾಯಿ ಬಿಡುವ ಮೊದಲೇ ಯಾವ ಬಾಟಲಿಗೆ ಕೈ ಹಾಕಬೇಕು ಎಂದು ಅಂದಾಜು ಮಾಡುವವರು. ನಾಲ್ಕು ತಿಂಗಳ ಹಿಂದೆ ಶೀತವಾಗಿ ಜ್ವರ ಬಂತು. ಜ್ವರ ಒಂದು ವಾರದಲ್ಲಿ ಹೊರಟುಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ನಾಲಿಗೆಗೆ ಹುಳಿ, ಸಿಹಿ, ಉಪ್ಪು, ಕಹಿ ತಿಳಿಯುತ್ತದೆ. ಅಷ್ಟೇ. ಕಣ್ಣು ಮುಚ್ಚಿ ತಿನ್ನಿಸಿದರೆ ಸೇಬು ಯಾವುದು, ಪೇರಳೆ ಯಾವುದು ಹೇಳಲಾರರು. ಡಾಕ್ಟರು, "ಬಂದ್ರೆ ಬರುತ್ತೆ, ಕಾಯಿರಿ" ಎಂದು ಚೀಟಿ ಮಡಚಿಕೊಟ್ಟರು.

ಮೊದಲ ಎರಡು ವಾರ ಕೈಯ ಅಭ್ಯಾಸದ ಮೇಲೆ ದಬ್ಬಿದರು. ಮೂರನೆಯ ವಾರ ಗಿರಾಕಿಯೊಬ್ಬ ಗ್ಲಾಸನ್ನು ಹಿಂದಕ್ಕೆ ತಳ್ಳಿ, "ಅನಾನಸ್ ರಸ ಕೆಟ್ಟು ನಾರ್ತಾ ಇದೆ. ನಿಮಗೇನು ಮೂಗಿಲ್ವಾ?" ಎಂದನಂತೆ. ಅವನು ಸಿಟ್ಟಿಗೆ ಅಂದ ಮಾತು, ಇವರಿಗೆ ನೆಟ್ಟಗೆ ಹೋಗಿ ನಾಟಿತು. ಮರುದಿನವೇ ಬೆನ್ನುನೋವು ಎಂದು ಬರೆದುಕೊಟ್ಟು ಕೆಲಸ ಬಿಟ್ಟು ಬಂದರು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೆತ್ತ ತಾಯಿಗೂ ಹೇಳಿರಲಿಲ್ಲ.

"ಮೂಗಿಲ್ಲದ ಬಾರ್‌ಮ್ಯಾನು ಅಂದ್ರೆ ಕಣ್ಣಿಲ್ಲದ ಡ್ರೈವರು," ಎನ್ನುತ್ತಿದ್ದರು. "ಒಬ್ಬರ ಕಿವಿಗೆ ಬಿದ್ರೆ ಸಾಕು, ಎಲ್ಲ ಬಾರಿಗೂ ಗೊತ್ತಾಗುತ್ತೆ. ಆಮೇಲೆ ನನ್ನ ಕೈಗೆ ಗ್ಲಾಸು ಯಾರು ಕೊಡ್ತಾರೆ?"

ಅಂದಿನಿಂದ ಮನೆಯಲ್ಲೇ. ಕೈಗೆ ಕೆಲಸವಿಲ್ಲದ ಗಂಡಸನ್ನು ಎರಡು ಕೋಣೆಯ ಮನೆಯಲ್ಲಿ ಇಟ್ಟುಕೊಳ್ಳುವುದು ಎಂದರೇನು ಎಂದು ಇಟ್ಟುಕೊಂಡವರಿಗೇ ಗೊತ್ತು. ನನ್ನ ಗುಂಡಿ ಡಬ್ಬಿಯನ್ನು ಮೊದಲು ಸೈಜಿನ ಪ್ರಕಾರ ಜೋಡಿಸಿದರು, ಆಮೇಲೆ ಬಣ್ಣದ ಪ್ರಕಾರ, ಆಮೇಲೆ ಎಷ್ಟು ತೂತಿದೆ ಎಂಬುದರ ಪ್ರಕಾರ. ನನ್ನ ಮಿಷನ್ನಿಗೆ ವಾರಕ್ಕೆ ಎರಡು ಸಲ ಎಣ್ಣೆ ಬಿಟ್ಟರು. ಯಾರಿಗೂ ಒಂದು ಮಾತು ಹೇಳದೆ ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದರು. ಅದೊಂದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹಾಗಾಗಿ ನಾನೇ ದಾರಿ ಹುಡುಕಿದೆ. ನನ್ನ ಹತ್ತಿರ ಬಟ್ಟೆ ಹೊಲಿಸುವವರಲ್ಲಿ ಒಬ್ಬರು ಹದಿನಾಲ್ಕು ರೂಮಿನ ಲಾಡ್ಜು ನಡೆಸುತ್ತಾರೆ. ಮಹಡಿಯ ಮೇಲೆ ಒಂದು ಚಿಕ್ಕ ಬಾರು ತೆರೆಯಬೇಕೆಂದು ಓಡಾಡುತ್ತಿದ್ದರು. ಭುಜದ ಅಳತೆ ತೆಗೆಯುವಾಗ, ಟೇಪು ಅವರ ಬೆನ್ನ ಮೇಲಿರುವಾಗಲೇ, ನಮ್ಮವರ ಮಾತೆತ್ತಿದೆ.

"ಹೊಗಳಿಕೆ ಬೇಡ," ಎಂದರು ಮೇಡಂ. "ಕೋಟಿನ ಟ್ರಯಲಿಗೆ ಬರ್ತೀನಲ್ಲ, ಆವತ್ತು ಒಂದು ಗ್ಲಾಸು ಕುಡಿಸಿ. ಜಿನ್ ಹಾಕಿ ಹಣ್ಣಿನದು ಏನಾದ್ರೂ. ಚೆನ್ನಾಗಿದ್ರೆ ಕೆಲಸ, ಇಲ್ಲದಿದ್ರೆ ಕೋಟು ಮಾತ್ರ ತಗೊಂಡು ಹೋಗ್ತೀನಿ."

ಮೂಗಿನ ವಿಷಯ ನಾನು ಹೇಳಲಿಲ್ಲ. ಹೇಳಬೇಕಿತ್ತು. ಟೇಪು ಸುತ್ತಿಟ್ಟೆ.

ಹೀಗೆ ಆವತ್ತು ಮಧ್ಯಾಹ್ನ ನಾನು ಅವರ ಮೂಗಾಗಬೇಕಾಯಿತು. ನಾನು ಅಲ್ಲಿವರೆಗೆ ಮದ್ಯ ಮುಟ್ಟಿದವಳಲ್ಲ. ವ್ರತವೇನೂ ಅಲ್ಲ, ಆಸೆಯಾಗಿರಲಿಲ್ಲ, ಅಷ್ಟೇ.

"ನುಂಗಬೇಡ," ಎಂದು ಹೇಳಿಕೊಟ್ಟರು. "ಬಾಯಲ್ಲಿ ಹಿಡ್ಕೋ, ಮೂಗಿನಿಂದ ಉಸಿರು ಬಿಡು, ಉಗಿ. ಆಮೇಲೆ ಹೇಳು."

ಸ್ಟ್ರಾಬೆರಿ ಹಣ್ಣಿನ ತೊಟ್ಟು ತೆಗೆದು, ಸ್ಟೀಲಿನ ಬೋಗುಣಿಯಲ್ಲಿ ಮರದ ಹಿಡಿಯಿಂದ ಜಜ್ಜಿದರು. ಸಕ್ಕರೆ ಪಾಕ, ನಿಂಬೆರಸ, ಅಳತೆ ಲೋಟದಲ್ಲಿ ಜಿನ್, ಐಸು. ಎಲ್ಲವನ್ನೂ ಶೇಕರಿಗೆ ಸುರಿದು ಭುಜದ ಎತ್ತರಕ್ಕೆ ಹಿಡಿದು ಕುಲುಕಿದರು. ಐಸಿನ ಸದ್ದು ಬದಲಾದ ಕ್ಷಣಕ್ಕೆ ನಿಲ್ಲಿಸಿದರು. ನಾಲ್ಕು ತಿಂಗಳಲ್ಲಿ ಆ ಮನುಷ್ಯ ಹತ್ತು ಸೆಕೆಂಡು ಒಂದೇ ಕಡೆ ನಿಂತದ್ದನ್ನು ನಾನು ಆಗಲೇ ಮೊದಲ ಸಲ ನೋಡಿದೆ. ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮೇಲೆ ಒಂದಿಷ್ಟು ಸೋಡಾ ಬಿಟ್ಟು ಕೊಟ್ಟರು.

ಬಾಯಲ್ಲಿ ಹಿಡಿದೆ, ಉಸಿರು ಬಿಟ್ಟೆ, ಬಕೆಟ್ಟಿಗೆ ಉಗಿದೆ.

"ಹೇಗಿದೆ?"

"ಬಿಗಿಯಾಗಿದೆ."

"ಬಿಗಿ ಅಂದ್ರೆ?"

"ಕುತ್ತಿಗೆ ಹತ್ತಿರ. ಮೇಲಿನ ಗುಂಡಿ ಹಾಕಿದ ಹಾಗೆ."

"ಅದು ನಿಂಬೆ. ಹುಳಿ ಸಿಹಿ ನನಗೆ ಬಿಡು, ನನಗೆ ಗೊತ್ತಾಗುತ್ತೆ. ನೀನು ವಾಸನೆ ಹೇಳು. ಹಣ್ಣು ಬಂತಾ? ಜಿನ್ ಬಂತಾ? ಯಾವುದು ಮೊದಲು ಬಂತು?"

ನನಗೆ ಗೊತ್ತಿರುವುದೆಲ್ಲ ಬಟ್ಟೆಯ ಮಾತು. ಯೋಚಿಸಿ ಹೇಳಿದೆ: "ಮೇಲಿನ ಬಟ್ಟೆಗಿಂತ ಲೈನಿಂಗು ಉದ್ದ ಆಗಿದೆ ರೀ. ಕೆಳಗೆ ಇಣುಕ್ತಾ ಇದೆ."

ಅವರು ಶೇಕರು ಹಿಡಿದುಕೊಂಡೇ ನಿಂತರು. "ಹಣ್ಣು ಮುಗಿದ ಮೇಲೂ ಜಿನ್ ಉಳೀತು ಅಂತಾನಾ?"

"ಹೂಂ. ಆಗತಾನೇ ಉಜ್ಜುಗೊರಡು ಹೊಡೆದ ಮರದ ಹಾಗೆ."

"ಲೇ, ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿರಲಿಲ್ಲ ಕಣೇ!"

ಎರಡನೆಯದಕ್ಕೆ ಹಣ್ಣನ್ನು ಸಕ್ಕರೆಯಲ್ಲಿ ಕಾಲು ಗಂಟೆ ನೆನೆಯಲು ಬಿಟ್ಟರು. ಆ ಕಾಲು ಗಂಟೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಮೂವತ್ತು ಸಲವಾದರೂ ನಡೆದಿರಬೇಕು. "ಈಗ ಹಣ್ಣು ಮುಂದೆ ಬಂತು, ಆದ್ರೆ ಒಂದು ತೋಳು ಉದ್ದ, ಒಂದು ಗಿಡ್ಡ," ಎಂದೆ. ಮೂರನೆಯದಕ್ಕೆ "ಸರಿಯಾಗಿದೆ" ಎಂದೆ. ಅವರು ನಂಬಲಿಲ್ಲ.

"ಗಿರಾಕಿಗೆ ಸರಿನಾ, ಇಲ್ಲ ಗಂಡ ಬಾಯಿ ಮುಚ್ಚಲಿ ಅಂತ ಸರಿನಾ?"

"ಎರಡೂ."

"ಹಾಗಾದ್ರೆ ಇನ್ನೊಂದು."

ನಾಲ್ಕನೆಯ ಗ್ಲಾಸಿಗೆ ಒಳಗಿನ ಕೋಣೆಯಿಂದ ಅತ್ತೆ ಬಂದು ಬಾಗಿಲಿಗೆ ಒರಗಿದರು. ಮೊಣಕಾಲಿನ ನೋವು, ಆದರೂ ಮನೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಎಂದು ಹೇಳುವ ಕಿವಿ.

"ಮಟಮಟ ಮಧ್ಯಾಹ್ನ ಗಂಡ ಹೆಂಡತಿ ಗ್ಲಾಸು ಹಿಡ್ಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

"ಕೆಲಸದ ಪರೀಕ್ಷೆ ಅಮ್ಮ."

"ಪರೀಕ್ಷೆ ನಿನಗೆ. ಕುಡೀತಿರೋದು ಅವಳು."

"ನಾನು ಉಗೀತಿದ್ದೀನಿ ಅತ್ತೆ."

"ಅಯ್ಯೋ, ಉಗಿಯೋದಕ್ಕೆ ಇಷ್ಟು ಹಣ್ಣಾ? ನನಗೂ ಒಂದು ಚೂರು ಕೊಡಿ, ನಾನು ಉಗಿಯಲ್ಲ."

ಜಿನ್ ಹಾಕದೆ ಒಂದು ಲೋಟ ಕೊಟ್ಟರು. ಅತ್ತೆ ಕುಡಿದು, ಲೋಟದ ತಳ ನೋಡಿ, "ಇದರಲ್ಲಿ ಏನೂ ಇಲ್ವಲ್ಲೋ. ಮಕ್ಕಳಿಗೆ ಕೊಡೋದನ್ನ ಕೊಟ್ಟು ಯಾಮಾರಿಸ್ತೀಯಾ?" ಎಂದು ಗೊಣಗುತ್ತಾ ಹಿಂದಿರುಗಿದರು. ಅವರಿದ್ದಷ್ಟು ಹೊತ್ತೂ ನಮ್ಮವರು ಪ್ರತಿ ಗ್ಲಾಸನ್ನೂ ಮೂಗಿಗೆ ಹಿಡಿದು, ತಲೆದೂಗಿ, ಇಲ್ಲದ ವಾಸನೆಯನ್ನು ಎಳೆದುಕೊಳ್ಳುತ್ತಿದ್ದರು. ತಾಯಿಯ ಮುಂದೆಯೂ ನಾಟಕ.

ಏಳು ಗ್ಲಾಸು ಆಗುವಷ್ಟರಲ್ಲಿ ಜಿನ್ ಎಷ್ಟು, ಹಣ್ಣು ಎಷ್ಟು ಎಂಬುದು ಒಂದು ಹದಕ್ಕೆ ಬಂತು. ಉಗಿದರೂ ನನ್ನ ತಲೆ ಸ್ವಲ್ಪ ಹಗುರಾಗಿತ್ತು. ದಾರ ಪೋಣಿಸಲು ಹೋದರೆ ಸೂಜಿಗೆ ಎರಡು ಕಣ್ಣು. ಉಳಿದದ್ದು ಒಂದೇ ದೂರು. ಸ್ಟ್ರಾಬೆರಿಯ ಸಣ್ಣ ಬೀಜಗಳು ಜರಡಿಯಲ್ಲಿ ನುಸುಳಿ ಹಲ್ಲಿಗೆ ಸಿಗುತ್ತಿದ್ದವು.

"ಮರಳು ಸಿಕ್ಕಿದ ಹಾಗಾಗುತ್ತೆ," ಎಂದೆ.

"ತೆಳ್ಳನೆ ಬಟ್ಟೆ ಬೇಕು. ಹೋಟೆಲಿನಲ್ಲಿ ಬಟ್ಟೆಯಲ್ಲೇ ಸೋಸ್ತಿದ್ವಿ."

ಬಟ್ಟೆಗೇನು ಬರ ನಮ್ಮ ಮನೆಯಲ್ಲಿ? ಮಂಚದ ಕೆಳಗಿನ ಟ್ರಂಕು ಎಳೆದೆ. ಗಿರಾಕಿಗಳ ಉಣ್ಣೆ ಕೋಟು, ರೇಷ್ಮೆ ತುಂಡು, ಲೈನಿಂಗು ಎಲ್ಲ ಅದರಲ್ಲೇ ಇಡುವುದು. ಹುಳ ಹೊಡೆಯಬಾರದೆಂದು ಮೂಲೆ ಮೂಲೆಗೂ ಬಿಳಿ ನುಸಿಗುಳಿಗೆ ಹಾಕಿರುತ್ತೇನೆ. ಗುಳಿಗೆಗಳನ್ನು ಬದಿಗೆ ಸರಿಸಿ, ತಳದಿಂದ ಒಂದು ಮಲ್ ಬಟ್ಟೆಯ ತುಂಡು ತೆಗೆದೆ. ಹಾಲಿನಷ್ಟು ಬೆಳ್ಳಗೆ, ಒಂದು ಕಲೆ ಇಲ್ಲ. ನೀರಿನಲ್ಲಿ ಅದ್ದಿ, ಹಿಂಡಿ ಕೊಟ್ಟೆ.

ಉಳಿದ ಹಣ್ಣಿನಲ್ಲಿ ಒಂದು ಹಿಡಿ ಬಿಟ್ಟು ಬಾಕಿಯೆಲ್ಲ ಜಜ್ಜಿ, ಬಟ್ಟೆಯಲ್ಲಿ ಹಾಕಿ ಹಿಂಡಿದರು. ಬೆರಳಿನ ಸಂದಿಯಿಂದ ಕೆಂಪು ರಸ ನುಣ್ಣಗೆ ಇಳಿಯಿತು. ಅದನ್ನು ಬಾಟಲಿಗೆ ತುಂಬಿ, ಅದರಿಂದ ಒಂದು ಗ್ಲಾಸು ಕಲಸಿ ಕೊಟ್ಟರು. ನಾನು ಬಾಯಲ್ಲಿ ಹಿಡಿದು ಉಸಿರು ಬಿಟ್ಟೆ. ಇಷ್ಟು ಹೊತ್ತೂ ಪರರ ಮನೆಯದಂತಿದ್ದ ಆ ಪಾನೀಯದಲ್ಲಿ ಈಗ ಏನೋ ಗುರುತಿನದು, ಹಿತವಾದದ್ದು ಇತ್ತು.

"ಇದೇ ರೀ," ಎಂದೆ. "ಇದು ಮೈಗೆ ಕೂತಿದೆ."

"ನಿಜ ಹೇಳ್ತಿದ್ದೀಯಾ?"

"ನಿಮ್ಮಾಣೆ."

ಅವರು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರು. ಐದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಅದು ಅಲ್ಲೇ ಇದೆಯಾ ಎಂದು ನೋಡಿದರು. ಅಂಗಿ ಬದಲಾಯಿಸಿದರು, ಮತ್ತೆ ಮೊದಲಿನದನ್ನೇ ಹಾಕಿಕೊಂಡರು. ಮೂರು ಗಂಟೆಗೆ ನಾನು ಕೋಟಿನ ಅಂಚು ಹೊಲಿದೆ, ಮೂರೂವರೆಗೆ ಅದನ್ನೇ ಬಿಚ್ಚಿದೆ. ಬೀದಿಯಲ್ಲಿ ಯಾವುದಾದರೂ ಗಾಡಿ ನಿಧಾನವಾದರೆ ಇಬ್ಬರೂ ಒಟ್ಟಿಗೆ ಕತ್ತೆತ್ತುತ್ತಿದ್ದೆವು.

ಮೇಡಂ ನಾಲ್ಕೂವರೆಗೆ ಸರಿಯಾಗಿ ಬಂದರು. ಒಳಗೆ ಅತ್ತೆ ಊಟದ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ದಪ್ಪ ಬೆಲ್ಟಿನ ಗಡಿಯಾರ, ಕೈಯಲ್ಲಿ ಬೀಗದ ಕೈ ಗೊಂಚಲು, ಕೂತಲ್ಲಿ ಕೂರದ ಹೆಂಗಸು. ಕೋಟು ತೊಡಿಸಿದೆ. ಕನ್ನಡಿಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿ, ಕೈ ಮೇಲೆತ್ತಿ ಕೆಳಗಿಳಿಸಿ, "ಕಂಕುಳಲ್ಲಿ ಒಂದು ಚೂರು ಬಿಡಿ," ಎಂದರು. ಆಮೇಲೆ ಅಡುಗೆಮನೆಯ ಕಡೆ ನೋಡಿ, "ಎಲ್ಲಿ ನಿಮ್ಮ ಯಜಮಾನರು? ಅವಿತುಕೊಂಡಿದ್ದಾರಾ?"

ನಮ್ಮವರು ಬಂದರು. ಮೇಡಂ ಎದುರಿಗೇ ಶೇಕರಿಗೆ ಅಳತೆ ಮಾಡಿ ಸುರಿದರು. ಒಂದು ಹನಿ ಚೆಲ್ಲಲಿಲ್ಲ. ಕುಲುಕುವುದನ್ನು ನೋಡುತ್ತಾ ಮೇಡಂ ತಮಗೆ ತಿಳಿಯದ ಹಾಗೆ ಕುರ್ಚಿ ಎಳೆದುಕೊಂಡು ಕೂತರು. ಗ್ಲಾಸಿಗೆ ಸುರಿದಾಗ ಬಣ್ಣ ನೋಡಿ "ಆಹಾ" ಎಂದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ.

ಮೇಡಂ ಗ್ಲಾಸನ್ನು ಎತ್ತಿ ಮೂಗಿನ ಹತ್ತಿರ ತಂದರು. ತುಟಿಗೆ ತಾಗಿಸಲಿಲ್ಲ. ಮತ್ತೊಮ್ಮೆ ಮೂಗಿಗೆ ಹಿಡಿದರು.

"ಇದೇನು ವಾಸನೆ?"

ನಮ್ಮವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಸ್ಟ್ರಾಬೆರಿ ಮೇಡಂ," ಎಂದರು.

"ಅದು ಗೊತ್ತು. ಅದರ ಜೊತೆ ಇರೋದು?"

"ಅದು... ಜಿನ್ನಿನದು. ಕೆಲವು ಜಿನ್ ಹಾಗೇ, ಸ್ವಲ್ಪ ಔಷಧಿ ಥರ..."

ಮೇಡಂ ಗ್ಲಾಸು ಕೆಳಗಿಟ್ಟು, ಜಿನ್ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. "ಇದರಲ್ಲಿಲ್ಲ." ಬೋಗುಣಿಯಲ್ಲಿ ಉಳಿದಿದ್ದ ಹಣ್ಣು ಮೂಸಿದರು. "ಇದರಲ್ಲೂ ಇಲ್ಲ." ಎದ್ದು ಸಿಂಕಿನ ಹತ್ತಿರ ಹೋಗಿ, ನಲ್ಲಿಯ ಮೇಲೆ ಒಣಗಲು ಹಾಕಿದ್ದ ಮಲ್ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದರು. ಮುಖ ಸಿಂಡರಿಸಿದರು. ನನ್ನ ಕಡೆ ತಿರುಗಿ ನಕ್ಕರು, ಆದರೆ ಪೂರ್ತಿ ನಗುವಲ್ಲ.

"ನುಸಿಗುಳಿಗೆ! ಹೋದ ವರ್ಷ ನೀವು ಹೊಲಿದುಕೊಟ್ಟ ಕೋಟಲ್ಲೂ ಇದೇ. ಮೂರು ದಿನ ಮಹಡಿ ಮೇಲೆ ಗಾಳಿಗೆ ಹಾಕಿದ್ದೆ. ಹೇಳಿದ್ರೆ ಬೇಜಾರಾಗ್ತೀರಿ ಅಂತ ಸುಮ್ಮನಿದ್ದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಪ್ಪತ್ತೆರಡು ವರ್ಷದಿಂದ ಆ ಟ್ರಂಕಿನ ಮೇಲೇ ಮಲಗುತ್ತೇನೆ, ಅದರ ಪಕ್ಕದಲ್ಲೇ ಉಣ್ಣುತ್ತೇನೆ. ನನ್ನ ಮಟ್ಟಿಗೆ ಅದು ವಾಸನೆಯೇ ಅಲ್ಲ. ಮನೆ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಆ ಗ್ಲಾಸಿನಲ್ಲಿ ಗುರುತು ಹತ್ತಿದ್ದು ಅದೇ. ಹೊಗಳಿದ್ದೂ ಅದನ್ನೇ.

"ತಪ್ಪು ನನ್ನದು ಮೇಡಂ," ಎಂದೆ. "ಬಟ್ಟೆ ಕೊಟ್ಟಿದ್ದು ನಾನು. ಇವರಿಗೆ ಗೊತ್ತಿಲ್ಲ."

"ಅದೇ ನನಗೆ ಅರ್ಥ ಆಗ್ತಿಲ್ಲ. ನಿಮಗೆ ಅಭ್ಯಾಸ ಆಗಿರಬಹುದು. ಇವರು ಹತ್ತೊಂಬತ್ತು ವರ್ಷ ಬಾರಿನಲ್ಲಿದ್ದೋರು. ಇವರಿಗೆ ಹೇಗೆ ಗೊತ್ತಾಗಲಿಲ್ಲ?" ಮೇಡಂ ಬಟ್ಟೆಯನ್ನು ನೇರವಾಗಿ ನಮ್ಮವರ ಮೂಗಿನ ಕೆಳಗೆ ಹಿಡಿದರು. "ಈಗ ಹೇಳಿ. ಇದರಲ್ಲಿ ಏನು ಬರ್ತಿದೆ?"

ನಮ್ಮವರು ಉಸಿರೆಳೆದರು. ಕಣ್ಣು ಮುಚ್ಚಿ, ಎದೆ ತುಂಬ ಎಳೆದರು. ಅವರ ಕತ್ತಿನ ನರ ಉಬ್ಬಿತು. ಬಟ್ಟೆ ಕೆಂಪಗಿತ್ತು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

"ಸ್ಟ್ರಾಬೆರಿ," ಎಂದರು.

ಮೇಡಂ ಕೈ ಕೆಳಗಿಳಿಸಿದರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನನ್ನ ಬಾಯಿಗೆ ಹತ್ತು ಸುಳ್ಳು ಬಂದವು: ಶೀತವಾಗಿದೆ, ರಾತ್ರಿ ನಿದ್ದೆಯಿಲ್ಲ, ಮಾತ್ರೆ ತೆಗೆದುಕೊಂಡಿದ್ದಾರೆ. ಅದರಲ್ಲಿ ಒಂದನ್ನು ಆರಿಸುವಷ್ಟರಲ್ಲಿ ನಮ್ಮವರೇ ಮಾತಾಡಿದರು.

"ನನಗೆ ಮೂಗು ಕೆಲಸ ಮಾಡಲ್ಲ ಮೇಡಂ. ಏನೂ ಬರಲ್ಲ."

"ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ಯಾರಿಗೆ ಗೊತ್ತು?"

"ಇವಳಿಗೆ. ಈಗ ನಿಮಗೆ."

ಮೇಡಂ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಬಂದರು.

"ಒಂದು ಹಿಡಿ ಹಣ್ಣು ಇದೆಯಲ್ಲ, ಇನ್ನೊಂದು ಗ್ಲಾಸು ಮಾಡಿ. ಜರಡಿ ಸಾಕು."

ನಮ್ಮವರು ಮಾಡಿದರು. ಈ ಸಲ ನನ್ನ ಮುಖ ನೋಡಲಿಲ್ಲ. ಮೇಡಂ ಮೂಸಿದರು, ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಅರ್ಧ ಗ್ಲಾಸು ಇಳಿದ ಮೇಲೆ ಹಲ್ಲಿನ ಸಂದಿಗೆ ನಾಲಿಗೆ ಹಾಕಿಕೊಂಡು, "ಬೀಜ ಸಿಗುತ್ತೆ. ಸಿಗಲಿ, ಹಣ್ಣಿನದೇ ಅಂತ ಜನಕ್ಕೆ ಗೊತ್ತಾಗುತ್ತೆ. ಚೆನ್ನಾಗಿದೆ," ಎಂದರು. "ವಾಸನೆ ಬರದೆ ಇದನ್ನ ಹೇಗೆ ಮಾಡಿದ್ರಿ?"

"ಇವಳು ಹೇಳಿದ್ಲು. ಲೈನಿಂಗು ಉದ್ದ ಆಗಿದೆ ಅಂತ."

ಏನೆಂದು ಬಿಡಿಸಿ ಹೇಳಿದ ಮೇಲೆ ಮೇಡಂ ಈ ಸಲ ಪೂರ್ತಿಯಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಲಾಡ್ಜಿನ ಲೆಕ್ಕದ ಮುಖ ಮಾಡಿಕೊಂಡರು.

"ನೋಡಿ. ಕೈ ಒಳ್ಳೇದಿದೆ, ಒಪ್ಪಿದೆ. ಆದ್ರೆ ಒಂದು ದಿನ ಕೆಟ್ಟ ರಸ ಯಾರ ಹೊಟ್ಟೆಗಾದ್ರೂ ಹೋದ್ರೆ ನನ್ನ ಬಾಗಿಲಿಗೆ ಬೀಗ. ಹಾಗಾಗಿ ಹಣ್ಣು, ರಸ, ಹಾಲು ಎಲ್ಲ ನಿಮ್ಮ ಕೈಗೆ ಬರೋ ಮೊದಲು ನಮ್ಮ ಅಡುಗೆಯವನು ಮೂಸಿ ಕೊಡಬೇಕು. ಅವನಿಗೆ ಯಾಕೆ ಅಂತ ಗೊತ್ತಿರಬೇಕು. ಕೌಂಟರಿನವರಿಗೆ, ರೂಮಿನವರಿಗೆ, ಎಲ್ಲರಿಗೂ. ನಾನು ಹೇಳಲ್ಲ. ನೀವೇ ಹೇಳಬೇಕು, ಎಲ್ಲರ ಎದುರಿಗೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯಲ್ಲಿ ಸೇರ್ತಾರೆ. ಬಂದು ಹೇಳಿದ್ರೆ ಕೆಲಸ ನಿಮ್ಮದು. ಬರದಿದ್ರೆ ನಾನು ಬೇರೆಯವರನ್ನ ನೋಡ್ತೀನಿ. ಕೋಪ ಏನಿಲ್ಲ."

ಹೋಗುವಾಗ ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ, "ಕೋಟು ಕೊಡೋ ಮೊದಲು ಎರಡು ದಿನ ಹೊರಗೆ ಹಾಕಿ," ಎಂದರು.

ಮೇಡಂ ಬೀದಿ ದಾಟುವ ಮೊದಲೇ ಇವರ ನಡಿಗೆ ಶುರುವಾಯಿತು. ಬಾಗಿಲು, ಕಿಟಕಿ, ಫ್ರಿಜ್ಜು, ಬಾಗಿಲು.

"ಆಗಲ್ಲ ಕಣೇ. ಹತ್ತು ಜನರ ಎದುರು ನಿಂತು ನನಗೆ ಮೂಗಿಲ್ಲ ಅಂತ ಹೇಳ್ಕೊಳ್ಳೋದಾ? ಸರ್ಕಸ್ಸಾ ಇದು? ಹಿಂದಿನಿಂದ ಹೆಸರಿಡ್ತಾರೆ. ಮೂಗಪ್ಪ ಅಂತಾರೆ."

"ಅನ್ನಲಿ. ಮೂಗು ಇಲ್ಲದೋನಿಗೆ ಹೆಸರಲ್ಲಾದ್ರೂ ಇರಲಿ."

"ನಿನಗೆ ತಮಾಷೆ."

"ನನಗೇನು ತಮಾಷೆ? ಇಪ್ಪತ್ತೆರಡು ವರ್ಷ ನಾರೋ ಕೋಟು ಹೊಲಿದುಕೊಟ್ಟಿದ್ದೀನಿ ಅಂತ ನನಗೆ ಇವತ್ತು ಗೊತ್ತಾಗಿದೆ. ಆದ್ರೂ ನಾಚಿ ಓಡಿಹೋಗಿಲ್ಲ, ಇಲ್ಲೇ ಇದ್ದೀನಲ್ಲ." ಎದ್ದು ಅವರ ದಾರಿಗೆ ಅಡ್ಡ ನಿಂತೆ. "ಹತ್ತು ಜನಕ್ಕೆ ಆಗಲ್ಲ ಅಂದ್ರೆ ಮೊದಲು ಒಬ್ಬರಿಗೆ ಹೇಳಿ ನೋಡಿ. ಒಳಗೆ ಗೊರಕೆ ನಿಂತಿದೆ, ಅತ್ತೆ ಎದ್ದಿದ್ದಾರೆ, ಹೋಗಿ."

ಅವರು ಒಳಗಿನ ಕೋಣೆಯ ಪರದೆಯನ್ನು ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಆದರೂ ಹೋದರು. ನಾನು ಪರದೆಯ ಈಚೆ ನಿಂತೆ.

"ಅಮ್ಮ, ಒಂದು ವಿಷಯ."

"ಕೆಲಸ ಸಿಗಲಿಲ್ಲ ತಾನೇ? ಸಿಗುತ್ತೆ ಬಿಡು."

"ಅದಲ್ಲ. ನನಗೆ ವಾಸನೆ ಬರಲ್ಲ ಅಮ್ಮ. ಆ ಜ್ವರ ಬಂತಲ್ಲ, ಆವತ್ತಿನಿಂದ. ಏನೂ ಬರಲ್ಲ. ಬೆನ್ನುನೋವು ಅಂತ ಹೇಳಿದ್ದು ಸುಳ್ಳು."

ಅತ್ತೆ ಅಳುತ್ತಾರೆ ಎಂದುಕೊಂಡೆ. ಬಂದದ್ದು ಬೇರೆ.

"ಹಾಗಾದ್ರೆ ದಿನಾ ತಟ್ಟೆ ಮುಂದೆ ಕೂತು ಘಮಘಮ ಅಂತಿದೆ ಅಮ್ಮ, ಘಮಘಮ ಅಂತಿದೆ ಅಮ್ಮ ಅಂತಿದ್ದೆಯಲ್ಲೋ! ಅದೆಲ್ಲ ಏನು?"

"ಅದು... ನಿನಗೆ ಸಂತೋಷ ಆಗಲಿ ಅಂತ..."

"ನನ್ನ ಸಂತೋಷಕ್ಕೆ ಬೆಂಕಿ ಬಿತ್ತು! ನೀನು ಘಮಘಮ ಅಂದೆ ಅಂತ ಈ ಮೊಣಕಾಲು ಎಳ್ಕೊಂಡು ನಾಲ್ಕು ತಿಂಗಳು ಒಲೆ ಮುಂದೆ ನಿಂತಿದ್ದೀನಿ. ಹುಲ್ಲು ಬೇಯಿಸಿ ಹಾಕಿದ್ರೂ ಘಮಘಮ ಅಂತಿದ್ದೆ ನೀನು!"

"ಉಪ್ಪು ಖಾರ ಗೊತ್ತಾಗುತ್ತೆ ಅಮ್ಮ."

"ಬಾಯಿ ಮುಚ್ಚು." ಅತ್ತೆಯ ದನಿ ಬದಲಾಯಿತು. "ಮೊನ್ನೆ ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ನೀನೊಬ್ಬನೇ ಮನೇಲಿ ಇದ್ದೆ. ಗ್ಯಾಸು ಸೋರಿದ್ರೆ? ಬಾಗಿಲು ಹಾಕ್ಕೊಂಡು ಮಲಗಿರ್ತಿದ್ದೆ ನೀನು. ಹೇಳ್ಬೇಕಾ ಬೇಡ್ವಾ ನನಗೆ? ಹೇಳ್ಬೇಕಾ ಬೇಡ್ವಾ?"

ನಾಲ್ಕು ತಿಂಗಳಲ್ಲಿ ಅದು ನನ್ನ ತಲೆಗೂ ಹೊಳೆದಿರಲಿಲ್ಲ. ಗುಟ್ಟು ಕಾಯುವುದೇ ದೊಡ್ಡ ಕೆಲಸ ಎಂದುಕೊಂಡು ಗಂಡನನ್ನು ಕಾಯುವುದನ್ನು ಮರೆತಿದ್ದೆ.

ಪರದೆ ಸರಿಸಿ ಹೊರಗೆ ಬಂದ ನಮ್ಮವರ ಕಣ್ಣು ಕೆಂಪಗಿತ್ತು, ಆದರೆ ಹೆಜ್ಜೆ ಬೇರೆಯಾಗಿತ್ತು. ನೇರವಾಗಿ ಬೂಟಿನ ಹತ್ತಿರ ಹೋದರು.

"ಎಲ್ಲಿಗೆ?"

"ಲಾಡ್ಜಿಗೆ. ಈಗ ಅವರ ಅಡುಗೆಮನೆಯಲ್ಲಿ ಎಲ್ಲರೂ ಇರ್ತಾರೆ. ಬೆಳಿಗ್ಗೆವರೆಗೆ ಕಾದ್ರೆ ನಾನು ಹೋಗಲ್ಲ. ನನ್ನ ಬಗ್ಗೆ ನನಗೆ ಗೊತ್ತು."

"ನಾನೂ ಬರ್ತೀನಿ, ತಾಳಿ."

"ಬೇಡ. ನೀನು ಬಂದ್ರೆ ನೀನೇ ಹೇಳಿಬಿಡ್ತೀಯ."

ಅದು ಸುಳ್ಳಲ್ಲ. ನಾನು ಕಿಟಕಿಗೆ ಬಂದೆ. ಸಂಜೆಯ ಬಿಸಿಲು ಇನ್ನೂ ಎದುರುಮನೆಯ ಗೋಡೆಯ ಮೇಲಿತ್ತು. ನಮ್ಮವರು ಬೀದಿಗಿಳಿದು ದಾಪುಗಾಲು ಹಾಕುತ್ತಾ ತಿರುವಿನವರೆಗೆ ಹೋದರು. ಅಲ್ಲಿ ನಿಂತರು.

ಒಳಗಿನಿಂದ ಅತ್ತೆ ಕೂಗಿದರು: "ಹೋದನಾ?"

"ನಿಂತಿದ್ದಾರೆ ಅತ್ತೆ."

"ಯಾಕೆ ನಿಂತ?"

"ಗೊತ್ತಿಲ್ಲ. ಜೇಬಿಗೆ ಕೈ ಹಾಕಿಕೊಂಡಿದ್ದಾರೆ."

"ತಿರುಗ್ತಿದ್ದಾನಾ?"

ಎದುರಿನಿಂದ ಒಂದು ಲಾರಿ ಬಂದು ತಿರುವಿನಲ್ಲಿ ಅಡ್ಡವಾಯಿತು. ಅದಕ್ಕೆ ಅವಸರವೇ ಇರಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು, ಕನ್ನಡಕ ಸರಿಮಾಡಿಕೊಂಡು, ನನ್ನ ಭುಜದ ಮೇಲೆ ಕೈಯೂರಿ ಹೊರಗೆ ಬಗ್ಗಿದರು.

"ಈಗ?"

ಲಾರಿ ದಾಟಿತು.

"ಇಲ್ಲ ಅತ್ತೆ," ಎಂದೆ. "ಹೋದ್ರು."

"ಯಾವ ಕಡೆ?"

"ಲಾಡ್ಜಿನ ಕಡೆ."

ಅತ್ತೆ ನನ್ನ ಭುಜದಿಂದ ಕೈ ತೆಗೆಯಲಿಲ್ಲ. "ಸರಿ, ಎಷ್ಟು ಹೊತ್ತಾಗುತ್ತೆ ಅದನ್ನ ಹೇಳೋಕೆ?" ಎಂದು ಕೇಳಿದರು. ನಾವಿಬ್ಬರೂ ಗಡಿಯಾರ ನೋಡಿದೆವು.